ಯುದ್ಧ ಮುಗಿದ ಮೇಲೆ ಉಳಿದದ್ದು: ರೋಲ್‌ಪ್ಲೇಯಿಂಗ್ ಜಗತ್ತಿಗೆ ಇತಿಹಾಸ ಕಟ್ಟುವ ಕ್ರಮ

ರೋಲ್‌ಪ್ಲೇಯಿಂಗ್ ಆಟದಲ್ಲಿ ಒಬ್ಬರು ಜಗತ್ತು ಕಟ್ಟಿ ಕಥೆ ನಡೆಸುತ್ತಾರೆ, ಅವರೇ ಗೇಮ್ ಮಾಸ್ಟರ್; ಉಳಿದವರು ಅದರಲ್ಲಿ ಒಂದೊಂದು ಪಾತ್ರ ವಹಿಸುತ್ತಾರೆ. ಫ್ಯಾಂಟಸಿ ಜಗತ್ತು ಕಟ್ಟಲು ಕೂತ ಗೇಮ್ ಮಾಸ್ಟರ್‌ಗಳು ಸಾಮಾನ್ಯವಾಗಿ ಯುದ್ಧಕ್ಕೇ ಇಪ್ಪತ್ತು ಪುಟ ಸುರಿಯುತ್ತಾರೆ. ಯಾವ ರಾಜ ಯಾವ ಗುಡ್ಡದ ಮೇಲೆ ಯಾವ ಮಾಂತ್ರಿಕನ ತಲೆ ಕಡಿದ ಎಂಬುದೆಲ್ಲ ಅದರಲ್ಲಿರುತ್ತದೆ. ಆಟ ನಡೆಯುವುದು ಮಾತ್ರ ಅದಾಗಿ ಎಷ್ಟೋ ವರ್ಷದ ಮೇಲೆ. ಆಗ ಆಟಗಾರರ ಕೈಗೆ ತಾಗುವುದು ಯುದ್ಧ ಬಿಟ್ಟುಹೋದದ್ದಷ್ಟೇ: ತೀರದ ಸಾಲ, ಕುಸಿದ ಕೋಟೆ, ಸಂಬಳ ಬಾಕಿಯಿರುವ ಸೈನಿಕ, ಒಬ್ಬರ ಹೊಲ ಉಳುತ್ತಿರುವ ಇನ್ನೊಬ್ಬರು. ಹಾಗಾಗಿ ಯುದ್ಧ ಒಂದು ಪುಟದಲ್ಲಿ ಮುಗಿಯಲಿ. ಬಾಕಿ ಶ್ರಮವನ್ನೆಲ್ಲ ನಂತರದ ವರ್ಷಗಳ ಮೇಲೆ ಹಾಕಿ.

ಎಷ್ಟು ವರ್ಷ ಕಳೆದಿದೆ?

ಮೊದಲ ತೀರ್ಮಾನ ಇದೇ, ಮಿಕ್ಕಿದ್ದೆಲ್ಲ ಇದರ ಬೆನ್ನಿಗೆ ಬರುತ್ತದೆ. ಯುದ್ಧ ನಿಂತು ಎರಡೇ ವರ್ಷವಾಗಿದ್ದರೆ ಆಟ ಹಸಿವು, ರೋಗ, ನಿರಾಶ್ರಿತರ ಸುತ್ತಲೇ ತಿರುಗುತ್ತದೆ. ಇನ್ನೂರು ವರ್ಷವಾಗಿದ್ದರೆ ಯುದ್ಧ ಗಡಿರೇಖೆಗಳಲ್ಲಿ, ಹಬ್ಬಗಳಲ್ಲಿ, ಕೆಲವು ಬೈಗುಳಗಳಲ್ಲಿ ಮಾತ್ರ ಉಳಿದಿರುತ್ತದೆ. ಮೊದಲ ಸಲ ಕಟ್ಟುವವರಿಗೆ 25 ವರ್ಷದ ಅಂತರ ಅತ್ಯಂತ ಲಾಭದ್ದು. ಇಪ್ಪತ್ತರ ಹರೆಯದ ಪಾತ್ರ ಯುದ್ಧ ಕಂಡಿಲ್ಲ, ಆದರೆ ಅದರ ಅಪ್ಪ ಅಮ್ಮ ಕಂಡಿದ್ದಾರೆ. ಆಗ 25 ವರ್ಷದ ಸಣ್ಣ ಅಧಿಕಾರಿಯಾಗಿದ್ದವನು ಈಗ ಐವತ್ತರ ಪ್ರಾಂತಾಧಿಕಾರಿ. ಜಮೀನು ಕಳೆದುಕೊಂಡವರು ಇನ್ನೂ ಬದುಕಿದ್ದಾರೆ, ಕಿತ್ತುಕೊಂಡವರೂ ಬದುಕಿದ್ದಾರೆ, ಇಬ್ಬರಿಗೂ ಮುಖಪರಿಚಯವಿದೆ. ಅಂತರ 60 ವರ್ಷಕ್ಕೆ ಹೋದರೆ ಸಾಕ್ಷಿಗಳು ಸತ್ತು ಹಗೆ ಮಾತ್ರ ಉಳಿಯುತ್ತದೆ. ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ತನಿಖೆಗೆ ಹೆಚ್ಚು ಕಾಗದಪತ್ರ ಸಿದ್ಧಮಾಡಬೇಕಾಗುತ್ತದೆ.

ಇಲ್ಲಿ ಎಲ್ಲರೂ ಎಡವುವುದು ದೀರ್ಘಾಯುಷಿ ಕುಲಗಳ ವಿಷಯದಲ್ಲಿ. ನಿಮ್ಮ ಎಲ್ಫ್‌ಗಳು ಏಳುನೂರು ವರ್ಷ ಬದುಕುವವರಾದರೆ ಇನ್ನೂರು ವರ್ಷದ ಹಿಂದಿನ ಯುದ್ಧ ಅವರಿಗೆ ಹರೆಯದ ನೆನಪು. ‘ಮರೆತುಹೋದ ರಹಸ್ಯ’ ಎಂದು ನೀವು ಬಚ್ಚಿಟ್ಟದ್ದನ್ನು ಆಟಗಾರರು ಮೊದಲು ಸಿಕ್ಕ ಎಲ್ಫ್ ಮುದುಕನನ್ನು ಕೇಳಿ ಐದು ನಿಮಿಷದಲ್ಲಿ ತಿಳಿದುಕೊಳ್ಳುತ್ತಾರೆ. ಅವರೆಲ್ಲ ದೂರದಲ್ಲಿದ್ದರು ಎನ್ನಬಹುದು, ಅಥವಾ ಮೌನದ ಪ್ರತಿಜ್ಞೆ ಮಾಡಿದ್ದಾರೆ ಎನ್ನಬಹುದು. ಎರಡೂ ತೇಪೆ ಹಚ್ಚಿದಂತೆಯೇ ಕಾಣುತ್ತವೆ. ಇದಕ್ಕಿಂತ ಮೇಲಾದ ದಾರಿಯೆಂದರೆ ಅವರಿಗೆ ನೆನಪಿರಲಿ, ಆದರೆ ತಾವು ನಿಂತ ಜಾಗದ ನೆನಪು ಮಾತ್ರ ಇರಲಿ. ಉತ್ತರದ ಬಾಗಿಲು ಕಾದವನಿಗೆ ದಕ್ಷಿಣದ ಬಾಗಿಲಲ್ಲಿ ಏನಾಯಿತೆಂದು ಏಳುನೂರು ವರ್ಷ ಬದುಕಿದರೂ ಗೊತ್ತಾಗುವುದಿಲ್ಲ.

ಸುದ್ದಿ ತಲುಪುವ ವೇಗವನ್ನೂ ಈಗಲೇ ಗೊತ್ತುಮಾಡಿಕೊಳ್ಳಿ. ಎರಡನೇ ಮಹಾಯುದ್ಧ 1945ರಲ್ಲಿ ಮುಗಿದರೂ ಜಪಾನಿನ ಸೈನ್ಯಾಧಿಕಾರಿ ಹಿರೋ ಒನೋಡಾ ಫಿಲಿಪ್ಪೀನ್ಸ್‌ನ ಲುಬಾಂಗ್ ದ್ವೀಪದ ಕಾಡಿನಿಂದ ಹೊರಬಂದು ಶರಣಾದದ್ದು 1974ರಲ್ಲಿ, ಅದೂ ಹಳೆಯ ಮೇಲಧಿಕಾರಿ ಬಂದು ಆದೇಶ ಓದಿದ ಮೇಲೆ. ರೇಡಿಯೊ ಇದ್ದ ಕಾಲದಲ್ಲೇ ಹೀಗಾದರೆ, ಕುದುರೆ ಸವಾರನೇ ಸುದ್ದಿ ಒಯ್ಯುವ ಜಗತ್ತಿನಲ್ಲಿ ಯುದ್ಧ ಮುಗಿದದ್ದು ಗೊತ್ತಿಲ್ಲದ ಒಂದು ಠಾಣೆ ಇರುವುದರಲ್ಲಿ ಅಚ್ಚರಿಯಿಲ್ಲ. ಒಂದೇ ಇರಲಿ. ಎರಡಾದರೆ ತಮಾಷೆಯಾಗುತ್ತದೆ.

ಒಂದು ಪುಟದ ಯುದ್ಧ

ಆ ಪುಟದಲ್ಲಿ ಆರು ಸಂಗತಿ ಸಾಕು. ಕಾರಣ ಒಂದು, ಅದು ಎಣಿಸಬಹುದಾದ ವಸ್ತುವಾಗಿರಲಿ: ಉಪ್ಪಿನ ಗಣಿ, ನದಿಯ ಸುಂಕ, ಪಟ್ಟದ ಹಕ್ಕು. ಪಕ್ಷಗಳು ಕನಿಷ್ಠ ಮೂರು. ಸೈನ್ಯಗಳು ಸಾಗಿದ ದಾರಿ. ನಿರ್ಣಾಯಕವಾದ ಮೂರು ಸ್ಥಳಗಳು. ಯುದ್ಧ ನಿಂತದ್ದು ಹೇಗೆ: ಗೆಲುವಿನಿಂದಲೋ, ಖಜಾನೆ ಬರಿದಾಗಿಯೋ, ರೋಗ ಹಬ್ಬಿಯೋ. ಕೊನೆಯದು ಎಲ್ಲಕ್ಕಿಂತ ಮುಖ್ಯ: ಒಪ್ಪಂದಕ್ಕೆ ಸಹಿ ಬಿದ್ದಾಗ ಆ ಕೋಣೆಯಲ್ಲಿ ಯಾರು ಇರಲಿಲ್ಲ? ಹೋರಾಡಿಯೂ ಪಾಲು ಸಿಗದ ಆ ಪಕ್ಷವೇ ನಿಮ್ಮ ಕ್ಯಾಂಪೇನಿನ, ಅಂದರೆ ಹಲವು ದಿನ ಸಾಗುವ ಆಟದ ಕಥೆಯ, ಎಂಜಿನ್.

ಮೂರು ಪಕ್ಷ ಏಕೆಂದರೆ ಇಬ್ಬರ ಜಗಳದಲ್ಲಿ ಗೆದ್ದವನು ಮತ್ತು ಸೋತವನು ಅಷ್ಟೇ ಉಳಿಯುತ್ತಾರೆ. ಮೂರನೆಯವನಿದ್ದರೆ ಗೆಲುವೇ ಹೊಸ ಜಗಳವಾಗುತ್ತದೆ. 1565ರ ಜನವರಿಯಲ್ಲಿ ತಾಳಿಕೋಟೆಯ ಯುದ್ಧದಲ್ಲಿ ವಿಜಯನಗರವನ್ನು ಸೋಲಿಸಿದ್ದು ದಖ್ಖನಿನ ಸುಲ್ತಾನರ ಒಕ್ಕೂಟ. ಅದು ಹೆಚ್ಚು ಕಾಲ ಒಟ್ಟಾಗಿ ಉಳಿಯಲಿಲ್ಲ. ಸೋತ ಸಾಮ್ರಾಜ್ಯವೂ ಒಂದೇ ದಿನಕ್ಕೆ ಸಾಯಲಿಲ್ಲ: ರಾಜಧಾನಿ ಪೆನುಕೊಂಡಕ್ಕೆ, ಮುಂದೆ ಚಂದ್ರಗಿರಿಗೆ, ವೆಲ್ಲೂರಿಗೆ ಸರಿಯಿತು, ನಾಯಕರು ಒಬ್ಬೊಬ್ಬರಾಗಿ ಸ್ವತಂತ್ರರಾದರು. ಗೆದ್ದವರ ಪೈಕಿ ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಮೊಘಲರ ಪಾಲಾದವು. ನಿಮ್ಮ ಜಗತ್ತಿನಲ್ಲೂ ಗೆದ್ದವರ ಸ್ನೇಹ ಮುರಿದುಬೀಳುವ ವರ್ಷವನ್ನು ಬರೆದಿಡಿ, ಸೋತವರ ಬಾಲಂಗೋಚಿ ರಾಜಧಾನಿ ಎಲ್ಲಿದೆ ಎಂಬುದನ್ನೂ.

ಶತ್ರು ಲೋಕವನ್ನೇ ನುಂಗಲು ಬಂದ ಕತ್ತಲೆಯ ಒಡೆಯನೇ ಆಗಿದ್ದರೆ? ಆಗಲಿ. ಆದರೆ ಅವನಿಗಾಗಿ ಕಾದಾಡಿದ ನಲವತ್ತು ಸಾವಿರ ಮಂದಿ ಎಲ್ಲಿ ಹೋದರು ಎಂಬುದಕ್ಕೆ ಉತ್ತರ ಬೇಕು. ಒಡೆಯ ಸತ್ತ ಕ್ಷಣಕ್ಕೆ ಎಲ್ಲರೂ ಹೊಗೆಯಾಗಿ ಮಾಯವಾದರು ಎಂದರೆ ಯುದ್ಧೋತ್ತರ ಜಗತ್ತಿನ ಅರ್ಧ ಕಥೆ ಆ ಹೊಗೆಯಲ್ಲೇ ಹೋಯಿತು.

ಸೈನ್ಯದ ಹೊಟ್ಟೆ ಹೇಳುವ ನಕ್ಷೆ

‘ಇಡೀ ನಾಡು ಸುಟ್ಟು ಬೂದಿಯಾಯಿತು’ ಎಂದು ಬರೆಯಬೇಡಿ. ಯುದ್ಧದ ಹಾನಿ ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಲೆಕ್ಕ ಹಾಕಿ ನೋಡಿ. ಹತ್ತು ಸಾವಿರ ಸೈನಿಕರಿಗೆ ತಲೆಗೆ ದಿನಕ್ಕೆ ಒಂದು ಕಿಲೋ ಧಾನ್ಯವೆಂದರೆ ಹತ್ತು ಟನ್. ಎರಡು ಸಾವಿರ ಕುದುರೆಗೆ ನಾಲ್ಕು ಕಿಲೋದಂತೆ ಇನ್ನೂ ಎಂಟು ಟನ್. ಐನೂರು ಜನರ ಹಳ್ಳಿಗೆ ವರ್ಷಕ್ಕೆ ಬೇಕಾಗುವುದು ಸುಮಾರು ನೂರು ಟನ್. ಅಂದರೆ ಈ ಸೈನ್ಯ ಆರು ದಿನ ಬೀಡುಬಿಟ್ಟರೆ ಒಂದು ಹಳ್ಳಿಯ ವರ್ಷದ ಅನ್ನ ಖಾಲಿ. ಅದಕ್ಕೇ ಸೈನ್ಯ ಒಂದೇ ಕಡೆ ನಿಲ್ಲುವುದಿಲ್ಲ. ಹೆದ್ದಾರಿ ಮತ್ತು ನದಿಯ ಗುಂಟ ಸಾಗುತ್ತಾ, ಎರಡೂ ಬದಿಗೆ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರ, ಹದಿನೈದು ಕಿಲೋಮೀಟರ್ ಎಂದಿಟ್ಟುಕೊಳ್ಳಿ, ದೋಚುತ್ತದೆ.

ನಕ್ಷೆಯ ಮೇಲೆ ಸೈನ್ಯದ ದಾರಿ ಎಳೆದು, ಎರಡೂ ಬದಿಗೆ ಆ ಪಟ್ಟಿಯನ್ನು ಪೆನ್ಸಿಲಿನಿಂದ ಮಸುಕು ಮಾಡಿ. ಪಟ್ಟಿಯೊಳಗಿನ ಊರುಗಳು ಸತ್ತಿವೆ ಇಲ್ಲವೇ ಬಡವಾಗಿವೆ. ಹೊರಗಿನವು ನೆಮ್ಮದಿಯಾಗಿವೆ, ಕೆಲವಂತೂ ಯುದ್ಧದಲ್ಲೇ ಕಾಸು ಮಾಡಿಕೊಂಡಿವೆ. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಜರ್ಮನ್ ನಾಡಿನ ಪೊಮೆರೇನಿಯಾ, ವುರ್ಟೆಂಬರ್ಗ್‌ನಂಥ ಪ್ರದೇಶಗಳು ಅರ್ಧಕ್ಕೂ ಹೆಚ್ಚು ಜನರನ್ನು ಕಳೆದುಕೊಂಡವು. ಗಟ್ಟಿ ಕೋಟೆಯಿದ್ದ ಬಂದರು ನಗರ ಹ್ಯಾಂಬರ್ಗ್ ಆ ಹೊತ್ತಿನಲ್ಲೇ ಬೆಳೆಯಿತು. ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಕತ್ತಿಯಲ್ಲ, ರೋಗ ಮತ್ತು ಹಸಿವು.

ಹಸಿವು ಯುದ್ಧದ ಮರುವರ್ಷ ಯಾಕೆ ಹೆಚ್ಚುತ್ತದೆ ಎಂಬುದು ಬಿತ್ತನೆಯ ಲೆಕ್ಕದಲ್ಲಿದೆ. ಮಧ್ಯಯುಗದ ಯುರೋಪಿನಲ್ಲಿ ಒಂದು ಸೇರು ಬಿತ್ತಿದರೆ ಬರುತ್ತಿದ್ದುದು ಮೂರೋ ನಾಲ್ಕೋ ಸೇರು, ಅದರಲ್ಲಿ ಒಂದು ಮುಂದಿನ ಬಿತ್ತನೆಗೆ. ಸೈನಿಕರು ಬಿತ್ತನೆ ಬೀಜ ತಿಂದು, ಉಳುವ ಎತ್ತನ್ನೂ ಕಡಿದುಹೋದರೆ ಶಾಂತಿಯ ಮೊದಲ ವರ್ಷವೇ ಬರಗಾಲ. ನಿಮ್ಮ ಜಗತ್ತಿನ ಮಾಂತ್ರಿಕರು ಮಂತ್ರದಿಂದ ಅನ್ನ ಸೃಷ್ಟಿಸಬಲ್ಲರೇ? ಹಾಗಾದರೆ ಅಂಥವರು ಎಷ್ಟು ಮಂದಿ, ದಿನಕ್ಕೆ ಎಷ್ಟು ಜನಕ್ಕೆ ಉಣಿಸುತ್ತಾರೆ, ಅವರನ್ನು ಯಾರು ವಶದಲ್ಲಿಟ್ಟುಕೊಂಡಿದ್ದರು ಎಂಬುದನ್ನು ಬರೆಯಲೇಬೇಕು. ಈ ಒಂದು ಪ್ರಶ್ನೆ ಬಿಟ್ಟುಹೋದರೆ ಇಡೀ ಬರಗಾಲದ ಕಥೆಯನ್ನು ಯಾವನಾದರೂ ಚುರುಕು ಆಟಗಾರ ಮೊದಲ ಸೆಷನ್ನಿನಲ್ಲೇ, ಅಂದರೆ ಆಡಲು ಕೂತ ಮೊದಲ ಸಲವೇ, ಉರುಳಿಸುತ್ತಾನೆ.

ಇನ್ನು ಜನಸಂಖ್ಯೆ. ಐನೂರು ಜನರ ಹಳ್ಳಿಯಲ್ಲಿ ಹದಿನೆಂಟರಿಂದ ನಲವತ್ತರ ಗಂಡಸರು ಸುಮಾರು 85. ಅರವತ್ತು ಮಂದಿ ಹೋಗಿ ಇಪ್ಪತ್ತೈದು ಮಂದಿ ಮರಳಿದರು ಎನ್ನಿ. ಇಪ್ಪತ್ತೈದು ವರ್ಷದ ಮೇಲೆ ಆ ಊರಲ್ಲಿ ನಲವತ್ತಮೂರರಿಂದ ಅರವತ್ತೈದರ ಗಂಡಸರು ವಿರಳ. ಕುಲುಮೆ ನಡೆಸುವವಳು, ಪಂಚಾಯ್ತಿಯಲ್ಲಿ ಮಾತಾಡುವವಳು ಒಬ್ಬ ವಿಧವೆ. ಯುದ್ಧಕಾಲದಲ್ಲಿ ಹುಟ್ಟಿದವರು ಕಡಿಮೆಯಾದ್ದರಿಂದ ಮೂವತ್ತರ ಆಸುಪಾಸಿನವರೂ ಕಡಿಮೆ. ಕಮ್ಮಾರ, ಹೋಟೆಲಿನವನು, ಕಾವಲುಗಾರ ಎಲ್ಲರನ್ನೂ ಐವತ್ತರ ಗಡ್ಡದ ಗಂಡಸನ್ನಾಗಿ ಮಾಡುವ ಅಭ್ಯಾಸ ಇಲ್ಲಿ ಕೈಬಿಡಿ.

ಜನ ಕಡಿಮೆಯಾದರೆ ಕೂಲಿ ಏರುತ್ತದೆ, ಧಣಿಗಳು ಅದನ್ನು ಕಾನೂನಿನಿಂದ ತಡೆಯಲು ನೋಡುತ್ತಾರೆ. ಮಹಾ ಪ್ಲೇಗಿನ ನಂತರ ಇಂಗ್ಲೆಂಡಿನಲ್ಲಿ 1351ರ ಕೂಲಿಗಾರರ ಶಾಸನ ಕೂಲಿಯನ್ನು ಪ್ಲೇಗಿನ ಹಿಂದಿನ ದರಕ್ಕೇ ಕಟ್ಟಿಹಾಕಲು ಹೊರಟಿತ್ತು. ಅಂಥದೊಂದು ಕಾನೂನು ನಿಮ್ಮಲ್ಲೂ ಇದ್ದರೆ ಪಾತ್ರಗಳು ಊರುಬಿಟ್ಟು ಅಲೆಮಾರಿಗಳಾದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಒಪ್ಪಂದ ಬರೆಯಿರಿ, ಐದೇ ಷರತ್ತು

ಭೂಮಿ, ಹಣ, ಒತ್ತೆಯಾಳು, ಆಯುಧ, ದಾರಿಯ ಹಕ್ಕು. ಪ್ರತಿಯೊಂದಕ್ಕೂ ಒಂದು ಸಾಲು, ಒಂದು ಗಡುವು. 1792ರ ಶ್ರೀರಂಗಪಟ್ಟಣದ ಒಪ್ಪಂದ ಇದಕ್ಕೆ ಒಳ್ಳೆಯ ಅಚ್ಚು: ಟಿಪ್ಪು ಸುಲ್ತಾನ್ ಸುಮಾರು ಅರ್ಧ ರಾಜ್ಯ ಬಿಟ್ಟುಕೊಡಬೇಕು, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು, ಅದು ಸಲ್ಲುವವರೆಗೆ ಇಬ್ಬರು ಗಂಡುಮಕ್ಕಳು ಒತ್ತೆಯಿರಬೇಕು. ಮಕ್ಕಳು 1794ರಲ್ಲಿ ಮರಳಿದರು, ಐದು ವರ್ಷಕ್ಕೆ ಮತ್ತೆ ಯುದ್ಧ. ಪ್ರತಿ ಷರತ್ತೂ ಆಟಕ್ಕೆ ಒಂದು ದೃಶ್ಯ ಕೊಡುತ್ತದೆ: ಬಿಟ್ಟುಕೊಟ್ಟ ಅರ್ಧದಲ್ಲಿ ಸಿಕ್ಕಿಬಿದ್ದ ಜನ, ಹಣ ಹೊಂದಿಸಲು ಹೇರಿದ ತೆರಿಗೆ, ಶತ್ರುವಿನ ಮನೆಯಲ್ಲಿ ಎರಡು ವರ್ಷ ಬೆಳೆದು ಬಂದ ರಾಜಕುಮಾರ.

ಐದರಲ್ಲಿ ಎರಡು ಷರತ್ತು ಮುರಿದಿರಲಿ, ಒಂದು ಬಹಿರಂಗವಾಗಿ, ಇನ್ನೊಂದು ಗುಟ್ಟಾಗಿ. ಒಂದರ ಗಡುವು ಆಟ ಶುರುವಾಗುವ ವರ್ಷವೇ ತೀರಲಿ. ಹತ್ತು ಹನ್ನೆರಡು ಷರತ್ತು ಬರೆದರೆ ಯಾವುದೂ ಯಾರಿಗೂ ನೆನಪಿರುವುದಿಲ್ಲ, ನಿಮಗೂ.

ಅಧಿಕಾರಿಗಳ ಮಾತು. ರಾಜ ಬದಲಾದರೂ ಲೆಕ್ಕ ಬಲ್ಲವರು ಬದಲಾಗುವುದಿಲ್ಲ. ಟಿಪ್ಪುವಿನ ಹಣಕಾಸು ನೋಡುತ್ತಿದ್ದ ಪೂರ್ಣಯ್ಯನೇ 1799ರಲ್ಲಿ ಒಡೆಯರ ಪಟ್ಟ ಮರುಸ್ಥಾಪನೆಯಾದಾಗ ದಿವಾನರಾಗಿ 1811ರವರೆಗೆ ಆಡಳಿತ ನಡೆಸಿದರು. ನಿಮ್ಮ ಹೊಸ ದೊರೆಯ ಆಸ್ಥಾನದಲ್ಲೂ ಹಳೆಯ ದೊರೆಯ ಲೆಕ್ಕಿಗನನ್ನು ಇಡಿ. ಎಲ್ಲರಿಗೂ ಅವನ ಮೇಲೆ ಅನುಮಾನ, ಅವನಿಲ್ಲದೆ ಯಾರಿಗೂ ಕೆಲಸ ಸಾಗದು.

ಸಂಬಳ ಸಿಗದವರು

ಸೈನ್ಯ ಚದುರಿಸುವುದಕ್ಕೂ ಹಣ ಬೇಕು. ಮೂವತ್ತು ವರ್ಷಗಳ ಯುದ್ಧಕ್ಕೆ 1648ರಲ್ಲಿ ಶಾಂತಿ ಒಪ್ಪಂದವಾದರೂ ಸ್ವೀಡನ್ ತನ್ನ ಸೈನಿಕರ ಬಾಕಿಗಾಗಿ ಐವತ್ತು ಲಕ್ಷ ಥಾಲರ್ (ಆಗಿನ ಬೆಳ್ಳಿ ನಾಣ್ಯ) ಕೇಳಿತ್ತು. ಸೈನ್ಯ ಹಿಂತೆಗೆಯುವ ಮಾತುಕತೆ 1650ರವರೆಗೆ ಎಳೆಯಿತು, ಅಲ್ಲಿಯವರೆಗೆ ಅವರ ಊಟ ವಸತಿ ಊರವರ ತಲೆಯ ಮೇಲೆ. ಹಣ ಕೊಡದೆ ಚದುರಿಸಿದರೆ ಇನ್ನೊಂದು ಬಗೆಯ ತೊಂದರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಸೆರೆಯಿಂದ ಹೊರಬಿದ್ದ ಧೋಂಡಿಯಾ ವಾಘ್ ಕೆಲಸ ಕಳೆದುಕೊಂಡ ಸವಾರರನ್ನು ಕೂಡಿಸಿಕೊಂಡು, ‘ಉಭಯ ಲೋಕಾಧೀಶ್ವರ’ ಎಂದು ಬಿರುದು ಧರಿಸಿ, 1800ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಪಡೆಯ ಕೈಯಲ್ಲಿ ಸಾಯುವವರೆಗೆ ನಾಡನ್ನು ನಡುಗಿಸಿದ. ಹೀಗೆ ಹುಟ್ಟಿದ ಖಳನಿಗೆ ಮಾಟದ ಕಿರೀಟ ಬೇಕಾಗುವುದಿಲ್ಲ. ಅವನ ಹಿಂದೆ ಇರುವ ಇನ್ನೂರು ಮಂದಿಗೂ ನ್ಯಾಯವಾದ ಬಾಕಿ ಇದೆ, ಆಟಗಾರರು ಕತ್ತಿ ಎತ್ತುವ ಮುನ್ನ ಯೋಚಿಸಬೇಕಾಗುತ್ತದೆ.

ದಾರಿಯಲ್ಲಿ ಎದುರಾಗುವವರ ಪಟ್ಟಿ ಮಾಡುವಾಗ ಎರಡು ಆರುಮುಖದ ಡೈಸ್ ಬಳಸಿ. ಎರಡರ ಮೊತ್ತ 6, 7 ಇಲ್ಲವೇ 8 ಆಗುವುದು 36ರಲ್ಲಿ 16 ಸಲ. ಸಾಮಾನ್ಯವಾದುದನ್ನು ಅಲ್ಲಿಡಿ: ಮಾಜಿ ಸೈನಿಕರ ಗುಂಪು, ಸುಂಕದ ಕಟ್ಟೆ, ಊರಿಗೆ ಮರಳುವ ಕುಟುಂಬ. 36ರಲ್ಲಿ ಒಂದೊಂದೇ ಸಲ ಬೀಳುವ 2 ಮತ್ತು 12ಕ್ಕೆ ಅಪರೂಪದ್ದು.

ಇಪ್ಪತ್ತೈದು ವರ್ಷದ ಕಾಲರೇಖೆ

ಒಂಬತ್ತು ಸಾಲಿಗಿಂತ ಹೆಚ್ಚು ಬೇಡ. ಮಾದರಿಗೆ: 0ನೇ ವರ್ಷ ಒಪ್ಪಂದ. 1, ಬರ ಮತ್ತು ಜ್ವರ. 3, ಸೈನಿಕರ ದಂಗೆ. 5, ಹೊಸ ನಾಣ್ಯ, ಹಳೆಯದಕ್ಕೆ ಅರ್ಧ ಬೆಲೆ. 8, ಒತ್ತೆಯಾಳು ಮರಳಿದ. 12, ಗೆದ್ದವರ ಒಕ್ಕೂಟ ಮುರಿಯಿತು. 17, ಬಿಟ್ಟುಹೋದ ಜಮೀನಿನಲ್ಲಿ ಹದಿನೈದು ವರ್ಷ ಉತ್ತವರಿಗೆ ಹಕ್ಕುಪತ್ರ. 22, ಹಳೆಯ ಮಾಲೀಕರ ಮಕ್ಕಳು ಕೋರ್ಟಿಗೆ. 25, ಇವತ್ತು.

ಪ್ರತಿ ಸಾಲಿಗೂ ಒಂದು ಪರೀಕ್ಷೆ: ಆಟಗಾರ ಅದನ್ನು ಕಣ್ಣಾರೆ ನೋಡಬಹುದೇ, ಕೈಯಲ್ಲಿ ಹಿಡಿಯಬಹುದೇ, ಅದಕ್ಕೆ ದುಡ್ಡು ತೆರಬೇಕೇ? ಮೂರಕ್ಕೂ ಇಲ್ಲ ಎಂದಾದರೆ ಆ ಸಾಲು ಅಳಿಸಿ. ಮೇಲಿನ 5ನೇ ವರ್ಷವನ್ನೇ ತೆಗೆದುಕೊಳ್ಳಿ. ಡಂಜನ್ನಿನಿಂದ, ಅಂದರೆ ನೆಲದಡಿಯ ಪಾಳು ಕೋಣೆಗಳಿಂದ, ಆಟಗಾರರು ಹೊತ್ತುತಂದ ಪೆಟ್ಟಿಗೆಯಲ್ಲಿ ಇರುವುದೆಲ್ಲ ಹಳೆಯ ನಾಣ್ಯ. ಊರಲ್ಲಿ ಅದಕ್ಕೆ ಅರ್ಧ ಬೆಲೆ, ಗಡಿಯಾಚೆ ಪೂರ್ತಿ ಬೆಲೆ, ಗಡಿ ದಾಟಿಸುವುದು ಅಪರಾಧ. ಮುಂದಿನ ಎರಡು ಸೆಷನ್ ಅದರಲ್ಲೇ ಹೋಗುತ್ತದೆ.

ಪಾಳು ಎಷ್ಟು ಹಳೆಯದು?

ಇಪ್ಪತ್ತೈದು ವರ್ಷ ಬಯಲಲ್ಲಿ ಬಿದ್ದ ಕತ್ತಿಯನ್ನು ಎತ್ತಿಕೊಂಡು ಬೀಸಲಾಗುವುದಿಲ್ಲ, ತುಕ್ಕು ತಿಂದಿರುತ್ತದೆ. ಬಿಲ್ಲಿನ ಹೆದೆ, ಚರ್ಮದ ಪಟ್ಟಿ ಉಳಿದಿರುವುದಿಲ್ಲ. ದುರಸ್ತಿಯಿಲ್ಲದ ಹುಲ್ಲಿನ ಸೂರು ಕೆಲವೇ ವರ್ಷದಲ್ಲಿ ಸೋರಿ ಕುಸಿಯುತ್ತದೆ, ಸೂರು ಹೋದ ಮೇಲೆ ಮಣ್ಣಿನ ಗೋಡೆ ಮಳೆಗೆ ಕರಗುತ್ತದೆ, ಮರದ ಕಂಬ ನೆಲ ಮುಟ್ಟುವ ಕಡೆ ಕೊಳೆಯುತ್ತದೆ. ಕಲ್ಲು ಉಳಿಯುತ್ತದೆ, ಆದರೆ ಇದ್ದಲ್ಲೇ ಅಲ್ಲ: ಹತ್ತಿರದ ಊರವರು ಹೊತ್ತುಕೊಂಡು ಹೋಗಿ ಮನೆ ಕಟ್ಟಿರುತ್ತಾರೆ. ಕೋಟೆಯ ಶಾಸನದ ಅರ್ಧ ಭಾಗ ಯಾರದೋ ಕೊಟ್ಟಿಗೆಯ ಹೊಸ್ತಿಲಾಗಿರುವುದು ಆಟಕ್ಕೆ ಹೇಳಿಮಾಡಿಸಿದ ವಿವರ. ಸತ್ತ ಹಳ್ಳಿಯನ್ನು ಗುರುತಿಸುವುದು ಬಾವಿಯಿಂದ ಮತ್ತು ಸಾಲಾಗಿ ನಿಂತ ಹಣ್ಣಿನ ಮರಗಳಿಂದ. ಇಷ್ಟಾದರೂ ರಣಭೂಮಿಯಲ್ಲಿ ಹೊಳೆಯುವ ರಕ್ಷಾಕವಚ ಇಡಬೇಕೆಂದರೆ ಅದಕ್ಕೆ ಮಾಟದ ಕಾರಣ ಕೊಡಿ, ಇಲ್ಲವೇ ಒಣ ಗುಹೆಯೊಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿಡಿ.

ಮಾಟದ ಶೇಷವೂ ಒಂದೇ ಬಗೆಯದಿರಲಿ, ನಿಯಮ ಸ್ಪಷ್ಟವಿರಲಿ. ಮೊದಲ ಮಹಾಯುದ್ಧ ನಡೆದ ಫ್ರಾನ್ಸಿನ ಹೊಲಗಳಲ್ಲಿ ನೂರು ವರ್ಷ ಕಳೆದರೂ ಉಳುಮೆಗೆ ಸಿಡಿಯದ ಶೆಲ್ಲುಗಳು ಏಳುತ್ತಿವೆ, ಕೆಲವು ಜಾಗಕ್ಕೆ ಈಗಲೂ ಪ್ರವೇಶವಿಲ್ಲ. ಅದೇ ರೀತಿ ‘ಸಿಡಿಯದ ಮಂತ್ರ’ಗಳನ್ನು ಹೂಳಬಹುದು. ಎಚ್ಚರಿಕೆಯಿಲ್ಲದೆ ಡೈಸಿನಲ್ಲಿ 1 ಬಿದ್ದ ಕೂಡಲೇ ಪಾತ್ರ ಸತ್ತರೆ ಆಟಗಾರರು ಪ್ರತಿ ಹೆಜ್ಜೆಗೂ ಕೋಲಿನಿಂದ ನೆಲ ಕುಟ್ಟುತ್ತಾ ಆಟ ನಿಲ್ಲಿಸಿಬಿಡುತ್ತಾರೆ. ಮೊದಲು ಮೂರು ಲಕ್ಷಣ ಕಲಿಸಿ: ಅಲ್ಲಿ ಇರುವೆ ಗೂಡು ಕಟ್ಟುವುದಿಲ್ಲ, ಇಬ್ಬನಿ ಬೀಳುವುದಿಲ್ಲ, ಲೋಹ ಬೆಚ್ಚಗಾಗುತ್ತದೆ. ಆಮೇಲೆ ಅಪಾಯ.

ಒಂದು ಘಟನೆ, ಮೂರು ಹೇಳಿಕೆ

ಇದಕ್ಕೆ ಹೆಚ್ಚು ಸಮಯ ಕೊಡಿ. ಯುದ್ಧದ ಒಂದೇ ಘಟನೆ ಆರಿಸಿ, ನಿಜವನ್ನು ಒಂದು ವಾಕ್ಯದಲ್ಲಿ ನಿಮಗಾಗಿ ಬರೆದುಕೊಳ್ಳಿ. ಉದಾಹರಣೆಗೆ ಸಂಜೆಕೋಟೆಯ ಪತನ: ‘ನೀರು ಮುಗಿದಾಗ ಅಡುಗೆಯವರು ಬಾಗಿಲು ತೆರೆದರು, ದಳಪತಿ ಎರಡು ರಾತ್ರಿ ಮೊದಲೇ ಸುರಂಗದಿಂದ ಓಡಿದ್ದ.’

ಈಗ ಮೂರು ರೂಪ. ಗೆದ್ದವರ ಶಾಸನ ಮೂರು ದಿನದ ಘೋರ ಕಾಳಗವೆನ್ನುತ್ತದೆ. ಸೋತವರ ಲಾವಣಿಯಲ್ಲಿ ದಳಪತಿ ಬಾಗಿಲಲ್ಲೇ ಹೋರಾಡಿ ಸಾಯುತ್ತಾನೆ, ಬಾಗಿಲು ತೆಗೆದ ದ್ರೋಹಿ ಉಪ್ಪಿನ ವ್ಯಾಪಾರಿ. ಮೂರನೆಯದು ಆ ವ್ಯಾಪಾರಿಯ ಕಡತ: ಪತನಕ್ಕೆ ಎರಡು ದಿನ ಮುಂಚಿನ ತಾರೀಖಿನಲ್ಲಿ ‘ದಳಪತಿಯವರಿಗೆ ಎತ್ತಿನ ಗಾಡಿ ಒಂದು, ಹಣ ಬಾಕಿ’. ದಳಪತಿಯ ವೀರಗಲ್ಲು ಊರ ಮುಂದೆ ನಿಂತಿದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಒಯ್ಯುತ್ತಿದ್ದಾರೆ, ಮೇಲೆ ದೇವರ ಸನ್ನಿಧಿ. ತಾರೀಖು ಮಾತ್ರ ಉಳಿಯಿಂದ ಕೆತ್ತಿ ಅಳಿಸಿದೆ.

ಸುಳ್ಳು ಬದುಕಿರಬೇಕಾದರೆ ಇವತ್ತಿಗೂ ಅದರಿಂದ ಯಾರಿಗೋ ಲಾಭ, ಯಾರಿಗೋ ನಷ್ಟ ಇರಬೇಕು. ದಳಪತಿಯ ಮಗಳಿಗೆ ವೀರಗಲ್ಲಿನ ದೀಪಕ್ಕೆಂದು ಹತ್ತು ಎಕರೆ ಉಂಬಳಿ ಇದೆ. ವ್ಯಾಪಾರಿಯ ಮೊಮ್ಮಗಳಿಗೆ ಆ ಊರಲ್ಲಿ ಯಾರೂ ಮನೆ ಕೊಡುವುದಿಲ್ಲ. ಕಡತ ಆಟಗಾರರ ಕೈಗೆ ಬಂದ ದಿನ ಅವರು ಏನು ಮಾಡುತ್ತಾರೆ ಎಂಬುದನ್ನು ನೀವು ಯೋಜಿಸಬೇಕಿಲ್ಲ. ನಿಜಕ್ಕೆ ದಾರಿ ಮಾತ್ರ ಕನಿಷ್ಠ ಮೂರು ಇಡಿ. ಒಂದೇ ಸುಳಿವನ್ನು ನಂಬಿಕೊಂಡರೆ ಆಟಗಾರರು ಅದನ್ನು ತಪ್ಪಿಸಿಕೊಂಡು ಮುಂದೆ ಹೋಗುವುದು ಖಂಡಿತ.

ಆಟಗಾರರಿಗೆ ದಾಟಿಸುವುದು

ಆಟ ಶುರುವಾಗುವ ಮುನ್ನ ಎಲ್ಲರೂ ಕೂತು ಮಾತಾಡಿಕೊಳ್ಳುವ ‘ಸೆಷನ್ ಝೀರೋ’ದಲ್ಲಿ ಓದಿ ಹೇಳುವ ಇತಿಹಾಸ ನೂರೈವತ್ತು ಪದ ಮೀರದಿರಲಿ. ಅದಾದ ಮೇಲೆ ಪ್ರತಿಯೊಬ್ಬ ಆಟಗಾರನಿಗೂ ಮೂರು ಪ್ರಶ್ನೆ: ಯುದ್ಧದಲ್ಲಿ ನಿಮ್ಮ ಮನೆಯವರು ಏನು ಕಳೆದುಕೊಂಡರು? ತಮ್ಮದಲ್ಲದ ಏನು ಅವರ ಕೈಗೆ ಬಂತು? ಅದರ ಬಗ್ಗೆ ಯಾರ ಹತ್ತಿರ ಸುಳ್ಳು ಹೇಳುತ್ತಾರೆ? ಎರಡನೇ ಪ್ರಶ್ನೆಗೆ ಬರುವ ಉತ್ತರ ನೀವು ಬರೆದ ಯಾವ ಪುಟಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ನಾಲ್ಕು ಆಟಗಾರರಲ್ಲಿ ಒಬ್ಬ ಕಳೆದುಕೊಂಡದ್ದು ಇನ್ನೊಬ್ಬನ ಮನೆಯಲ್ಲಿರುವಂತೆ ಹೊಂದಿಸಿ, ಆದರೆ ಇಬ್ಬರನ್ನೂ ಮೊದಲೇ ಕೇಳಿ ಒಪ್ಪಿಗೆ ಪಡೆದುಕೊಳ್ಳಿ. ಹತ್ಯಾಕಾಂಡ, ಅತ್ಯಾಚಾರದಂಥ ವಿಷಯ ಕಥೆಯಲ್ಲಿ ಬರಬೇಕೇ ಬೇಡವೇ ಎಂಬುದೂ ಆ ದಿನವೇ ಇತ್ಯರ್ಥವಾಗಲಿ.

ನಂತರದ ಪ್ರತಿ ಸೆಷನ್ನಿಗೆ ಒಂದು ಹಳೆಯ ವಸ್ತು, ಯುದ್ಧದಿಂದ ಬದಲಾದ ಒಂದು ಬೆಲೆ, ಯುದ್ಧ ಕಂಡ ಒಬ್ಬ ವ್ಯಕ್ತಿ. ಅಷ್ಟು ಸಾಕು.

ಆಟದ ನಡುವೆ ಯಾರಾದರೂ ‘ನಮ್ಮಜ್ಜ ಸಂಜೆಕೋಟೆಯಲ್ಲಿ ಸತ್ತದ್ದು’ ಎಂದು ನಿಮ್ಮ ಕಾಲರೇಖೆಗೆ ಹೊಂದದ ಮಾತು ಹೇಳಿದರೆ ತಿದ್ದಬೇಡಿ. ಅದನ್ನು ಆ ಮನೆಯವರು ಹೇಳಿಕೊಂಡು ಬಂದ ಹೇಳಿಕೆಯೆಂದು ಅದೇ ಪುಟದಲ್ಲಿ ಬೇರೆ ಶಾಯಿಯಲ್ಲಿ ಬರೆದುಕೊಂಡು, ಅಜ್ಜ ನಿಜವಾಗಿ ಎಲ್ಲಿದ್ದ ಎಂಬುದನ್ನು ಮುಂದಿನ ಸೆಷನ್ನಿನೊಳಗೆ ಗೊತ್ತುಮಾಡಿ.